ಮಗುವಿನ ಪಾಲಿನ ಜಮೀನು

ಬೀಜ ಗೊಬ್ಬರದ ಮಾತಾಡುವವನು ಇವತ್ತು ಕಾಯಿದೆ ಎತ್ತಿದನಲ್ಲಾ ಎನ್ನಬೇಡಿ. ಬಿತ್ತೋ ನೆಲವೇ ವ್ಯಾಜ್ಯಕ್ಕೆ ಸಿಕ್ಕರೆ ಒಳ್ಳೆ ಬೀಜ ತಂದು ಏನು ಬಂತು?

ಆಸ್ತಿಗೆ ಒಡೆಯನಾಗುವುದು ಬೇರೆ, ಅದನ್ನು ಮಾರುವ ಅಧಿಕಾರ ಬೇರೆ. ಎಳೆಗೂಸೂ ಕಾನೂನಿನ ಕಣ್ಣಿಗೆ ಒಬ್ಬ ವ್ಯಕ್ತಿಯೇ, ಅದಕ್ಕೂ ಪಾಲುಂಟು. ತಂದೆ ತೀರಿಕೊಂಡಾಗ ಹೊಟ್ಟೆಯಲ್ಲಿದ್ದ ಕೂಸು ಜೀವಂತ ಹುಟ್ಟಿದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅದೂ ವಾರಸುದಾರ. ಆದರೆ 18 ವರ್ಷ ತುಂಬುವ ತನಕ ಅದು ಮಾಡಿದ ಕರಾರು ನಡೆಯದು. ಕಲ್ಕತ್ತೆಯಲ್ಲಿ ಮೈನರ್ ಹುಡುಗನೊಬ್ಬ ಮನೆ ಅಡವಿಟ್ಟು ಸಾಲ ಎತ್ತಿದ್ದ. ಆ ಅಡವು ಪತ್ರವೇ ಅಸಿಂಧು ಎಂದು 1903ರಲ್ಲಿ ಪ್ರಿವಿ ಕೌನ್ಸಿಲು ತೀರ್ಪು ಕೊಟ್ಟಿತು.

ಹಾಗಾದರೆ ಮಗುವಿನ ಪರವಾಗಿ ತಾಯಿ ಮಾರಬಹುದೇ? ಒಂದು ಸಂಸಾರ ನೋಡೋಣ. ರೈತನೊಬ್ಬ ತಾನೇ ಕೊಂಡಿದ್ದ 4 ಎಕರೆ ಬಿಟ್ಟು, ಉಯಿಲು ಬರೆಯದೆ ತೀರಿಕೊಂಡ. ಅವನ ತಾಯಿ, ಹೆಂಡತಿ, 12 ವರ್ಷದ ಮಗ, 10 ವರ್ಷದ ಮಗಳು: ತಲೆಗೊಂದು ಎಕರೆ. ಸಾಲಗಾರರ ಕಾಟ. ಅತ್ತೆ ಸೊಸೆ ಸೇರಿ ನಾಲ್ಕೂ ಎಕರೆ ಮಾರಿದರು. ಮಕ್ಕಳ ಪರವಾಗಿ ತಾಯಿಯೇ ರುಜು ಹಾಕಿದಳು. ಕೊಂಡವ ಬಾವಿ ತೋಡಿಸಿ ತೆಂಗು ಇಟ್ಟ. ತೆಂಗು ಫಲಕ್ಕೆ ಬರೋ ಹೊತ್ತಿಗೆ ಹುಡುಗನಿಗೆ 18 ತುಂಬಿತು. ಅವನು ಮೂರು ವರ್ಷದೊಳಗೆ ದಾವೆ ಹೂಡಿದರೆ ತನ್ನ ಎಕರೆಯ ಕ್ರಯ ರದ್ದು ಮಾಡಿಸಬಹುದು. ಹಿಂದೆಯೇ ತಂಗಿಯೂ ಬರಬಹುದು. ಕೊಂಡವನ ಗತಿ?

ತಾಯಿ ತನ್ನ ಎಕರೆ ಮಾರಿದ್ದು ಸರಿಯೇ. ಮಕ್ಕಳ ಎಕರೆ ಮಾರಲು, ಅಡವಿಡಲು 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪೋಷಕತ್ವದ ಕಾಯಿದೆಯಂತೆ ನ್ಯಾಯಾಲಯದ ಅಪ್ಪಣೆಯನ್ನು ಮೊದಲೇ ಪಡೆಯಬೇಕಿತ್ತು. ತಂದೆಯಾದರೂ ಅಷ್ಟೇ. ಮಗುವಿಗೆ ಅಗತ್ಯವಿದೆ, ಇಲ್ಲವೇ ಕಣ್ಣಿಗೆ ಕಾಣುವ ಲಾಭವಿದೆ ಎಂದು ಕಂಡರೆ ಮಾತ್ರ ನ್ಯಾಯಾಲಯ ಒಪ್ಪುತ್ತದೆ. ತಡವಾಗುತ್ತದೆ ನಿಜ, ಸಾಲಗಾರ ಕಾಯುವುದಿಲ್ಲ ಎಂಬುದೂ ನಿಜ. ಆದರೂ ಆ ಕಾಗದವಿಲ್ಲದೆ ಮಾರಿದರೆ ಮಕ್ಕಳಿಗೂ ಕೊಂಡವನಿಗೂ ಜಗಳ ಗಂಟು ಹಾಕಿದಂತೆ.

ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಯ ಲೆಕ್ಕ ಬೇರೆ. ಅಲ್ಲಿ ಮನೆಯ ಯಜಮಾನನಿಗೆ ಕುಟುಂಬದ ಅಗತ್ಯಕ್ಕೆ ಮಾರುವ ಅಧಿಕಾರವುಂಟು. ಮುಸಲ್ಮಾನ, ಕ್ರೈಸ್ತ ಬಾಂಧವರಿಗೂ ನಿಯಮ ಬೇರೆಯಿದೆ.

ಜಮೀನು ಕೊಳ್ಳುವವರು ಮುಂಗಡ ಕೊಡುವ ಮುನ್ನ ವಂಶವೃಕ್ಷ ನೋಡಿ, ಮಕ್ಕಳ ವಯಸ್ಸು ಕೇಳಿ, ಅಪ್ಪಣೆಯ ನಕಲು ಕೈಗೆ ತೆಗೆದುಕೊಳ್ಳಿ. ಮಾರುವ ತಾಯಂದಿರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಪಹಣಿ, ಮರಣಪತ್ರ, ಮಕ್ಕಳ ಜನನಪತ್ರ ಜೊತೆಗಿರಲಿ.