ಒಲೆ ಹಚ್ಚದೆ ಒಂದು ತಟ್ಟೆ: ಬಚ್ಚಂಗಾಯಿಯ ಜೊತೆ ಪನೀರ್

ಏಪ್ರಿಲ್ ಬಂತೆಂದರೆ ನಮ್ಮ ಕರಾವಳಿಯ ಅಡುಗೆ ಕೋಣೆಯಲ್ಲಿ ಮಧ್ಯಾಹ್ನದ ಮೇಲೆ ನಿಲ್ಲಲಿಕ್ಕೆ ಆಗುವುದಿಲ್ಲ. ಬಿಸಿಲನ್ನಾದರೂ ತಡೆಯಬಹುದು, ಈ ಸೆಕೆಯನ್ನು ತಡೆಯುವುದು ಕಷ್ಟ. ಆದರೆ ನೆಂಟರು ಬರುವುದೂ ಇದೇ ಹೊತ್ತಿಗೆ. ಮಕ್ಕಳಿಗೆ ರಜೆ, ಗಲ್ಫಿನಿಂದ ಊರಿಗೆ ಬಂದವರ ಓಡಾಟ, ಮದುವೆ ಮಾತುಕತೆ ಎಲ್ಲ ಒಟ್ಟಿಗೆ. ಬಂದವರ ಮುಂದೆ ಬಿಸಿ ಬಿಸಿ ಎಂತದಾದರೂ ಇಡದಿದ್ದರೆ ಮರ್ಯಾದೆ ಅಲ್ಲ ಎಂಬ ಲೆಕ್ಕ ಬೇರೆ. ಹಾಗಾಗಿ ನೆಂಟರು ಫ್ಯಾನಿನ ಕೆಳಗೆ, ಮನೆಯಾಕೆ ಎಣ್ಣೆ ಬಾಣಲೆಯ ಮುಂದೆ. ಸಮೋಸ, ಕಟ್ಲೆಟ್ ಎಲ್ಲ ಕರಿದು, ಮುಖ ಒರೆಸಿಕೊಂಡು ಅವಳು ಹೊರಗೆ ಬರುವಾಗ ನೆಂಟರು ಚಪ್ಪಲಿ ಹುಡುಕುತ್ತಿರುತ್ತಾರೆ. ನೆಂಟರ ಜೊತೆ ಕೂತು ಎರಡು ಮಾತಾಡಲಿಕ್ಕೆ ಅವಳಿಗೂ ಆಸೆ ಇರುವುದಿಲ್ಲವೇ?

ಅದಕ್ಕೆ ಈ ವಾರ ಗ್ಯಾಸ್ ಹಚ್ಚುವ ಕೆಲಸವೇ ಇಲ್ಲದ ಒಂದು ತಟ್ಟೆ. ಹಣ್ಣು ಮತ್ತು ಚೀಸ್. ಕೇಳುವಾಗ ದೊಡ್ಡ ಹೋಟೆಲಿನ ತಿಂಡಿಯಂತೆ ಕಾಣಬಹುದು, ಹಾಗೇನೂ ಅಲ್ಲ. ಪ್ಯಾಲೆಸ್ತೀನ್, ಸಿರಿಯಾ, ಜೋರ್ಡಾನ್, ಈಜಿಪ್ಟ್, ತುರ್ಕಿ ಕಡೆಯ ಸಾಧಾರಣ ಮನೆಗಳಲ್ಲಿ ಇದು ಬೇಸಿಗೆಯ ದಿನನಿತ್ಯದ ಆಹಾರ. ತಂಪು ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ಅದರ ಬದಿಯಲ್ಲಿ ಉಪ್ಪುಪ್ಪಾದ ಬಿಳಿ ಚೀಸ್, ಒಂದು ತುಂಡು ರೊಟ್ಟಿ. ಕೆಲವರ ರಾತ್ರಿಯೂಟ ಅಷ್ಟರಲ್ಲೇ ಮುಗಿಯುತ್ತದೆ. ಅರಬಿಯಲ್ಲಿ ಹಣ್ಣಿಗೆ ಬತ್ತೀಖ್, ಚೀಸಿಗೆ ಜುಬ್ನ ಎನ್ನುತ್ತಾರೆ. ದುಬೈ, ಜಿದ್ದಾ, ದಮ್ಮಾಮಿನಲ್ಲಿ ಆ ದೇಶದವರೊಡನೆ ಕೆಲಸ ಮಾಡಿದ ನಮ್ಮ ಗಂಡಸರಲ್ಲಿ ಹಲವರು ಇದನ್ನು ತಿಂದಿರಬಹುದು. ಊರಿಗೆ ಬಂದ ಮೇಲೆ ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಅವರನ್ನೇ ಕೇಳಿ.

ಸಿಹಿ ಹಣ್ಣಿಗೆ ಉಪ್ಪು ಚೀಸ್ ಎಂಥ ಜೋಡಿ ಎಂದು ಮುಖ ಸಿಂಡರಿಸುವವರಿಗೆ ಒಂದು ಮಾತು. ಮಾವಿನಕಾಯಿಗೆ, ಪೇರಳೆಗೆ, ಅನಾನಸಿಗೆ ಉಪ್ಪು ಮೆಣಸು ಹಾಕಿ ತಿನ್ನುವವರು ನಾವೇ ಅಲ್ವಾ? ಉಪ್ಪು ತಾಗಿದರೆ ಹಣ್ಣಿನ ಸಿಹಿ ಎದ್ದು ಬರುತ್ತದೆ. ಇಲ್ಲಿ ಆ ಉಪ್ಪು ಚೀಸಿನೊಳಗೆ ಉಂಟು, ಅಷ್ಟೇ ವ್ಯತ್ಯಾಸ. ಬಚ್ಚಂಗಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ. ಬರೇ ಅದನ್ನು ತಿಂದರೆ ಅರ್ಧ ಗಂಟೆಯಲ್ಲಿ ಮತ್ತೆ ಹಸಿವು. ಚೀಸಿನ ಕೊಬ್ಬು, ಪ್ರೊಟೀನ್ ಸೇರಿದರೆ ಹೊಟ್ಟೆಗೆ ಸ್ವಲ್ಪ ಆಧಾರ.

ಯಾವ ಚೀಸ್ ಎಂಬುದೇ ದೊಡ್ಡ ಪ್ರಶ್ನೆ. ಆ ಕಡೆಯವರು ಅಕ್ಕಾ ಪಟ್ಟಣದ ಹೆಸರಿನ ಅಕ್ಕಾವಿ, ನಾಬ್ಲುಸಿನ ನಾಬುಲ್ಸಿ ಬಳಸುತ್ತಾರೆ. ಪುಸ್ತಕಗಳಲ್ಲಿ ಹೆಚ್ಚಾಗಿ ಕಾಣುವುದು ಗ್ರೀಸಿನ ಫೆಟಾ. ಮಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಫೆಟಾ ಸಿಗುತ್ತದೆ, ಆದರೆ ಬೆಲೆ ನೋಡಿ ಕೈ ಹಿಂದೆ ಬರುತ್ತದೆ. ಇನ್ನೊಂದು ವಿಷಯವೂ ಉಂಟು. ಹೆಚ್ಚಿನ ಚೀಸುಗಳಿಗೆ ಹಾಲನ್ನು ಗಟ್ಟಿಯಾಗಿಸಲು ರೆನ್ನೆಟ್ ಎಂಬ ಕಿಣ್ವ ಹಾಕುತ್ತಾರೆ. ಹಳೆ ಕ್ರಮದಲ್ಲಿ ಅದನ್ನು ತೆಗೆಯುವುದು ಎಳೆ ಕರುವಿನ ಹೊಟ್ಟೆಯಿಂದ. ಆ ಕರು ಹೇಗೆ ದಬಹ್ ಆಯಿತು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಇದರಲ್ಲಿ ಉಲಮಾಗಳ ನಡುವೆ ಭಿನ್ನ ಅಭಿಪ್ರಾಯ ಉಂಟು, ನಿಮ್ಮ ಉಸ್ತಾದರನ್ನು ಕೇಳಿಕೊಳ್ಳಿ. ಅಂಗಡಿಯಲ್ಲಿ ಮಾತ್ರ ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ಇರಲಿ. ಮೈಕ್ರೋಬಿಯಲ್ ರೆನ್ನೆಟ್ ಎಂದು ಬರೆದಿದ್ದರೆ ಅದು ಪ್ರಾಣಿಯದ್ದಲ್ಲ, ಸೂಕ್ಷ್ಮಜೀವಿಗಳಿಂದ ಮಾಡಿದ್ದು. ಹೊರದೇಶದ ಪ್ಯಾಕೆಟಿನಲ್ಲಿ ಬರೇ ರೆನ್ನೆಟ್ ಎಂದಷ್ಟೇ ಇದ್ದರೆ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ.

ಈ ತಲೆಬಿಸಿ ಬೇಡ ಎನ್ನುವವರಿಗೆ ಪನೀರ್ ಉಂಟಲ್ಲ! ಪನೀರ್ ಆಗುವುದು ಹಾಲಿಗೆ ಹುಳಿ ಹಿಂಡಿ ಒಡೆಸಿ. ರೆನ್ನೆಟಿನ ಸುದ್ದಿಯೇ ಇಲ್ಲ, ಫೆಟಾದಷ್ಟು ದುಬಾರಿಯೂ ಅಲ್ಲ. ಒಂದೇ ಕೊರತೆ, ಪನೀರ್ ಸಪ್ಪೆ. ಅದನ್ನು ಸರಿ ಮಾಡಲಿಕ್ಕೆ ಹಿಂದಿನ ರಾತ್ರಿ ಐದು ನಿಮಿಷ ಸಾಕು. ಕುದಿಸಿ ಆರಿಸಿಟ್ಟ ಕುಡಿಯುವ ನೀರು ಎರಡು ಕಪ್, ಅದಕ್ಕೆ ಒಂದು ದೊಡ್ಡ ಚಮಚ ಉಪ್ಪು, ಅರ್ಧ ಲಿಂಬೆಯ ರಸ. 200 ಗ್ರಾಂ ಪನೀರನ್ನು ಕುಂಟಲ ಹಣ್ಣಿಗಿಂತ ಸ್ವಲ್ಪ ದೊಡ್ಡ ಚೌಕ ಮಾಡಿ ಅದರಲ್ಲಿ ಮುಳುಗಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆಗೆ ಉಪ್ಪು, ಹುಳಿ ಎರಡೂ ಹಿಡಿದಿರುತ್ತದೆ. ಫೆಟಾ ಆಗುವುದಿಲ್ಲ, ಆದರೆ ಈ ತಟ್ಟೆಗೆ ಧಾರಾಳ ಆಗುತ್ತದೆ. ಬಿಡಿಯಾಗಿ ತೂಗಿ ಕೊಡುವ ಪನೀರಿಗಿಂತ ತಾರೀಕು ಇರುವ ಪ್ಯಾಕೆಟ್ ಒಳ್ಳೆಯದು. ಅದರ ಮೇಲೆ ಅನಲಾಗ್ ಎಂಬ ಶಬ್ದ ಕಂಡರೆ ಅದು ಬರೇ ಹಾಲಿನದ್ದಲ್ಲ, ಹೆಚ್ಚಾಗಿ ಸಸ್ಯದ ಎಣ್ಣೆ ಸೇರಿಸಿದ್ದು, ಬಿಟ್ಟುಬಿಡಿ.

ಇನ್ನು ಹಣ್ಣು. ಗಾತ್ರಕ್ಕಿಂತ ಭಾರ ಹೆಚ್ಚೆನಿಸುವ, ನೆಲಕ್ಕೆ ತಾಗಿದ ಜಾಗ ಬಿಳಿಯ ಬದಲು ಹಳದಿಯಾಗಿರುವ ಬಚ್ಚಂಗಾಯಿ ಆರಿಸಿ. ಕೊಯ್ಯುವ ಮೊದಲು ಸಿಪ್ಪೆಯನ್ನು ನೀರಿನಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆ ತಿನ್ನುವುದಿಲ್ಲವಲ್ಲ ಎನ್ನಬೇಡಿ, ಹೊರಗಿನ ಕೊಳೆಯನ್ನು ಚೂರಿಯೇ ಒಳಗೆ ಒಯ್ಯುತ್ತದೆ. ಮೀನು ಕೊಯ್ಯುವ ಹಲಗೆಯನ್ನು ಇದಕ್ಕೆ ಮುಟ್ಟಬೇಡಿ. ಆರು ಜನರಿಗೆ ಬೀಜ ತೆಗೆದ ಹಣ್ಣಿನ ತುಂಡು ಮುಕ್ಕಾಲು ಕಿಲೋ ಬೇಕಾದೀತು. ಪನೀರಿಗಿಂತ ತುಸು ದೊಡ್ಡದಾಗಿ ಕೊಯ್ದು, ಜಾಲರಿಯಲ್ಲಿ ಹತ್ತು ನಿಮಿಷ ಇಟ್ಟು ನೀರಿಳಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ.

ನೆಂಟರು ಗೇಟಿನ ಹತ್ತಿರ ಬಂದ ಮೇಲೆ ಜೋಡಿಸಿದರೂ ಸಾಕು. ಪನೀರಿನ ನೀರು ಬಸಿದು, ಒಂದು ಬಚ್ಚಂಗಾಯಿ ತುಂಡು, ಒಂದು ಪುದಿನ ಎಲೆ, ಮೇಲೆ ಒಂದು ಪನೀರ್, ಟೂತ್‌ಪಿಕ್ ಚುಚ್ಚಿ ಅಗಲ ತಟ್ಟೆಯಲ್ಲಿಡಿ. ಮೇಲಿನಿಂದ ಒಳ್ಳೆಮೆಣಸಿನ ಹುಡಿ, ನಾಲ್ಕು ಹನಿ ಲಿಂಬೆ. ಜೇನು ಇದ್ದರೆ ನೂಲಿನಂತೆ ಸ್ವಲ್ಪ. ಬೇರೆ ಉಪ್ಪು ಹಾಕಲೇಬೇಡಿ. ಹಾಕಿದರೆ ಹಣ್ಣು ನೀರು ಬಿಟ್ಟು ತಟ್ಟೆಯೆಲ್ಲ ಕೆರೆ. ಪುದಿನ ಇಲ್ಲದಿದ್ದರೆ ಎಳೆ ಮುಳ್ಳುಸೌತೆಯ ತೆಳು ಬಿಲ್ಲೆ ಆಗುತ್ತದೆ, ನನಗೆ ಅದೇ ಹೆಚ್ಚು ಇಷ್ಟ.

ಹಣ್ಣು ಬದಲಿಸುವವರು ಅನಾನಸಿನ ಬಗ್ಗೆ ಜಾಗ್ರತೆ. ಹಸಿ ಅನಾನಸಿನಲ್ಲಿ ಹಾಲಿನ ಪ್ರೊಟೀನನ್ನು ಒಡೆಯುವ ಗುಣ ಉಂಟು. ಪನೀರಿನ ಜೊತೆ ಬೆರೆಸಿ ತಾಸುಗಟ್ಟಲೆ ಇಟ್ಟರೆ ಕಹಿಯಾಗುತ್ತದೆ, ಕೂಡಲೇ ತಿಂದರೆ ತೊಂದರೆ ಇಲ್ಲ. ಮಾವು ಗಟ್ಟಿ ಇದ್ದರೆ ಆದೀತು. ನಮ್ಮ ಮುಂಡಪ್ಪ ಹಣ್ಣಾದ ಮೇಲೆ ಟೂತ್‌ಪಿಕ್‌ಗೆ ನಿಲ್ಲುವ ಜಾತಿ ಅಲ್ಲ. ಖರ್ಜೂರದ ಬೀಜ ತೆಗೆದು ಒಳಗೆ ಹುಡಿ ಮಾಡಿದ ಪನೀರ್, ಒಂದು ಬಾದಾಮಿ ತುಂಬಿದರೆ ಅದು ಬೇರೆಯೇ ರುಚಿ. ಮಕ್ಕಳಿಗೆ ಅಂಗಡಿಯ ಚೀಸ್ ಕ್ಯೂಬ್ ಇಷ್ಟ, ಅದು ಬಚ್ಚಂಗಾಯಿಗೆ ಸರಿಹೋಗುವುದಿಲ್ಲ, ದ್ರಾಕ್ಷಿಗೆ, ಸೇಬಿಗೆ ಒಪ್ಪುತ್ತದೆ. ಚಿಕ್ಕ ಮಕ್ಕಳಿಗೆ ಕೊಡುವಾಗ ಟೂತ್‌ಪಿಕ್ ತೆಗೆದು ಕೊಡಿ, ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ. ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ.

ಬಿಪಿ ಇರುವ ಪ್ರಾಯದ ಉಮ್ಮಂದಿರಿಗೆ ಉಪ್ಪು ನೀರಿನಲ್ಲಿಡದ ಪನೀರನ್ನೇ ಬೇರೆ ತೆಗೆದಿಡಿ. ಸಕ್ಕರೆ ಕಾಯಿಲೆಯವರಿಗೆ ಜೇನು, ಖರ್ಜೂರ ಬೇಡ, ಹಣ್ಣೂ ನಾಲ್ಕೈದು ತುಂಡಿಗೆ ಸಾಕು.

ಒಂದು ವಿಷಯದಲ್ಲಿ ಮಾತ್ರ ಉದಾಸೀನ ಮಾಡಬಾರದು. ಕೊಯ್ದ ಹಣ್ಣು, ಪನೀರ್ ಎರಡೂ ಸೆಕೆಗೆ ಬೇಗ ಕೆಡುತ್ತವೆ. ಬೇಯಿಸದ ತಿಂಡಿಯಾದ್ದರಿಂದ ಕ್ರಿಮಿ ಸಾಯುವ ಸಂದರ್ಭವೇ ಇಲ್ಲ. 32 ಡಿಗ್ರಿ ಮೀರಿದ ಸೆಕೆಯಲ್ಲಿ ಇಂಥದ್ದನ್ನು ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ನಮ್ಮಲ್ಲಿ ಏಪ್ರಿಲ್, ಮೇ ಮಧ್ಯಾಹ್ನ ಅಷ್ಟು ಆಗಿಯೇ ಆಗುತ್ತದೆ. ಹಾಗಾಗಿ ಎಲ್ಲವನ್ನೂ ಒಮ್ಮೆಲೇ ತರದೆ ಸಣ್ಣ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪ ತನ್ನಿ. ಕರೆಂಟ್ ಹೋಗಿ ಫ್ರಿಜ್ ನಾಲ್ಕು ಗಂಟೆಗಿಂತ ಹೆಚ್ಚು ಬಂದ್ ಆಗಿದ್ದರೆ ಆ ಪನೀರನ್ನು ಬಳಸಬೇಡಿ. ಮೇಜಿನ ಮೇಲೆ ಉಳಿದದ್ದನ್ನು ನಾಳೆಗೆ ಎಂದು ಎತ್ತಿಡುವುದೂ ಬೇಡ. ಫ್ರಿಜ್ಜಿನಲ್ಲೇ ಉಳಿದ ಹಣ್ಣಿನ ತುಂಡುಗಳನ್ನು ಮಿಕ್ಸಿಗೆ ಹಾಕಿ, ಲಿಂಬೆ ಹಿಂಡಿ ಜ್ಯೂಸ್ ಮಾಡಿ. ಸಂಜೆ ಮಕ್ಕಳು ಆಟ ಮುಗಿಸಿ ಬರುವಾಗ ಲೋಟಕ್ಕೆ ಬಗ್ಗಿಸಲಿಕ್ಕೆ ಆಯಿತು.