ಹ್ಯಾರಿ ಪಾಟರ್‌ನ ಕೊನೆಯ ಪುಸ್ತಕ ಮತ್ತು ನಮ್ಮ ಕಡೆಯ ಕಲ್ಲುಗಳು

ಮೊದಲೇ ಹೇಳಿಬಿಡ್ತೀವಿ, ಈ ಲೇಖನದಲ್ಲಿ ಸ್ಪಾಯ್ಲರ್‌ಗಳಿವೆ. ಆದರೆ ‘ಹ್ಯಾರಿ ಪಾಟರ್ ಅಂಡ್ ದ ಡೆತ್ಲಿ ಹ್ಯಾಲೋಸ್’ ಹೊರಬಂದದ್ದು 2007ರ ಜುಲೈ 21ಕ್ಕೆ. ಆಗ ನಾವೆಲ್ಲ ಇನ್ನೂ ತೊಟ್ಟಿಲಲ್ಲಿದ್ದೆವು. ಇಷ್ಟು ವರ್ಷ ಓದದೆ ಉಳಿದವರು ಈಗ ನಮ್ಮನ್ನು ಬೈಯುವ ಹಾಗಿಲ್ಲ!

ಶಿಕಾರಿಪುರ ಮತ್ತು ಸೊರಬದಿಂದ ಬಂದ ನಾವು ನಾಲ್ಕೈದು ಜನ ಹಾಸ್ಟೆಲಿನಲ್ಲಿ ಈ ಸರಣಿಯ ಹುಚ್ಚು ಹಿಡಿಸಿಕೊಂಡವರು. ಏಳನೇ ಪುಸ್ತಕದ ಬಗ್ಗೆ ನಮ್ಮಲ್ಲಿ ಯಾವಾಗಲೂ ಒಂದೇ ಜಗಳ. ಅಷ್ಟೆಲ್ಲ ಕಾಯಿಸಿ, ಕೊನೆಗೆ ಕಾಡಿನಲ್ಲಿ ವೋಲ್ಡೆಮಾರ್ಟ್ ಎದುರು ನಿಂತಾಗ ಹ್ಯಾರಿ ತನ್ನ ಮಂತ್ರದಂಡವನ್ನೇ ಎತ್ತಲ್ಲ. ಯಾಕೆ? ಇದನ್ನು ಅರ್ಥ ಮಾಡಿಕೊಳ್ಳೋಕೆ ನಮ್ಮ ಕಡೆಯ ಎರಡು ಬಗೆಯ ಕಲ್ಲುಗಳು ಸಹಾಯ ಮಾಡುತ್ತವೆ ಅನ್ನೋದು ನಮ್ಮ ವಾದ.

ಮೊದಲು ವಿಲನ್ ಕಡೆಯಿಂದ ನೋಡೋಣ. ಏಳು ಸಮುದ್ರದಾಚೆ ಒಂದು ಗಿಳಿ, ಆ ಗಿಳಿಯೊಳಗೆ ರಾಕ್ಷಸನ ಪ್ರಾಣ: ಈ ಕಥೆಯನ್ನು ಅಜ್ಜಿ ಬಾಯಲ್ಲಿ ಕೇಳದವರು ಕಡಿಮೆ. ವೋಲ್ಡೆಮಾರ್ಟ್‌ನ ಹಾರ್‌ಕ್ರಕ್ಸ್‌ಗಳೂ ಹೆಚ್ಚುಕಮ್ಮಿ ಅದೇ. ಉಂಗುರ, ಲಾಕೆಟ್, ಬಟ್ಟಲು ಅಂತ ಆತ್ಮವನ್ನು ಚೂರು ಮಾಡಿ ಬಚ್ಚಿಡುತ್ತಾನೆ. ಅವನ ಅಷ್ಟೂ ಶಕ್ತಿಯ ಹಿಂದೆ ಇರೋದು ಸಾವಿನ ಭಯ ಒಂದೇ. ಹಾಗಾಗಿ ಅವನನ್ನು ಸೋಲಿಸಲು ಇನ್ನೂ ದೊಡ್ಡ ಮಂತ್ರ ಸಾಲದು, ಆ ಭಯ ಇಲ್ಲದವನೊಬ್ಬ ಬೇಕು.

ಈಗ ಕಲ್ಲುಗಳ ವಿಷಯ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳಲ್ಲಿ ದೇವಸ್ಥಾನದ ಅಂಗಳ, ಕೆರೆ ಏರಿ, ಗದ್ದೆ ಬದು ಅಂತ ಎಲ್ಲಿ ನೋಡಿದರೂ ವೀರಗಲ್ಲುಗಳಿವೆ. ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಬಳಿ ಕುಳಿತ ವೀರ. ತುದಿಯಲ್ಲಿ ಸೂರ್ಯ ಚಂದ್ರ, ಅಂದರೆ ಅವರಿರುವ ತನಕ ಇವನ ಹೆಸರೂ ಇರಲಿ ಅಂತ. ಇವೆಲ್ಲ ರಾಜರ ಕಲ್ಲುಗಳಲ್ಲ. ಊರಿನ ದನ ಹೊಡೆದುಕೊಂಡು ಹೋದವರ ಬೆನ್ನಟ್ಟಿ ತುರುಗಾಳಗದಲ್ಲಿ ಸತ್ತ ಸಾಮಾನ್ಯರಿಗೂ ಕಲ್ಲು ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಂತೂ ಹತ್ತನೇ ಶತಮಾನದಲ್ಲೇ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೂ ಕಲ್ಲು ಹಾಕಿಸಿದ್ದರು.

ಇದನ್ನು ತಿಳಿದು ಡಾಬಿಯ ಸಾವನ್ನು ಓದಿ ನೋಡಿ. ಮನೆಗೆಲಸದ ಎಲ್ಫ್ ಅವನು, ಮಾಂತ್ರಿಕರ ಲೆಕ್ಕದಲ್ಲಿ ಆಳು. ಹ್ಯಾರಿ ಅವನ ಗುಂಡಿಯನ್ನು ಮಂತ್ರ ಬಳಸದೆ ಗುದ್ದಲಿ ಹಿಡಿದು ಕೈಯಾರೆ ತೋಡುತ್ತಾನೆ. ಮೇಲೊಂದು ಕಲ್ಲಿಟ್ಟು, ಅವನು ಸ್ವತಂತ್ರನಾಗಿದ್ದ ಅಂತ ಬರೆಯುತ್ತಾನೆ. ಅದು ಅಪ್ಪಟ ವೀರಗಲ್ಲು.

ಹಾಗಾದರೆ ಹ್ಯಾರಿಯದೂ ವೀರಗಲ್ಲಿನ ಕಥೆಯೇ? ಮೇಲ್ನೋಟಕ್ಕೆ ಹೌದು. ಕಾಡಿನಲ್ಲಿ ಸಾವು, ಆಮೇಲೆ ಕಿಂಗ್ಸ್ ಕ್ರಾಸ್ ಸ್ಟೇಷನ್ನಿನಂತೆ ಕಾಣುವ ಬಿಳಿ ಜಾಗ, ಅದೇ ನಡುವಿನ ಹಂತ. ಆದರೆ ಕೆಳಗಿನ ಹಂತದಲ್ಲಿ ಕಾಳಗವೇ ಇಲ್ಲ! ಇಲ್ಲಿ ನಮಗೆ ಎರಡನೇ ಬಗೆಯ ಕಲ್ಲು ಬೇಕಾಗುತ್ತೆ. ಅದು ನಿಸಿಧಿ. ಸೊರಬ ತಾಲ್ಲೂಕಿನ ಹಿರೇಆವಲಿ ಈ ಕಲ್ಲುಗಳಿಗೆ ಹೆಸರಾದ ಊರು. ಸಲ್ಲೇಖನ ವ್ರತ ಹಿಡಿದು, ಆಹಾರ ಬಿಟ್ಟು ದೇಹ ತೊರೆದ ಜೈನರ ನೆನಪಿನ ಕಲ್ಲುಗಳು ಇವು. ಹೆಂಗಸರ ನಿಸಿಧಿಗಳೂ ಇವೆ. ಇವುಗಳಲ್ಲಿ ಕತ್ತಿ, ಕುದುರೆ ಇರೋದಿಲ್ಲ. ಹೆಚ್ಚಾಗಿ ಗುರು, ಎದುರಿಗೆ ಕೈಮುಗಿದು ಕುಳಿತ ವ್ಯಕ್ತಿ, ಮೇಲೆ ಜಿನ.

ಹ್ಯಾರಿ ಮಾಡಿದ್ದು ಸಲ್ಲೇಖನ ಅಂತ ನಾವು ಹೇಳ್ತಿಲ್ಲ. ಅದು ಒಂದು ಧರ್ಮದ ಕಠಿಣ ವ್ರತ, ಇದು ಯುದ್ಧದ ನಡುವೆ ಒಬ್ಬ ಹುಡುಗ ತೆಗೆದುಕೊಂಡ ತೀರ್ಮಾನ. ಆದರೆ ಒಂದು ಸಂಗತಿ ಎರಡರಲ್ಲೂ ಇದೆ: ಬರುವ ಸಾವನ್ನು ಓಡದೆ, ಹೊಡೆಯದೆ ಎದುರುಗೊಳ್ಳೋದು. ಪುಸ್ತಕದೊಳಗಿನ ಮೂವರು ಅಣ್ಣತಮ್ಮಂದಿರ ಕಥೆಯೂ ಇದನ್ನೇ ಹೇಳುತ್ತೆ. ಸೋಲಿಲ್ಲದ ದಂಡ ಕೇಳಿದವನು, ಸತ್ತವರನ್ನು ಕರೆಯುವ ಕಲ್ಲು ಕೇಳಿದವನು ಇಬ್ಬರೂ ಬೇಗ ಸಾಯುತ್ತಾರೆ. ಮೂರನೆಯವನು ಬಾಳಿ, ಮುದುಕನಾಗಿ, ಸಮಾಧಾನದಿಂದ ಸಾವಿನ ಜೊತೆ ಹೊರಡುತ್ತಾನೆ. ಹ್ಯಾರಿಯೂ ಆ ಕಲ್ಲನ್ನು ಕಾಡಿನಲ್ಲೇ ಬಿಡುತ್ತಾನೆ, ಮಂತ್ರದಂಡವನ್ನು ಅಂಗಿಯೊಳಗೆ ಸೇರಿಸುತ್ತಾನೆ. ಮರಳಿ ಬಂದ ಮೇಲಿನ ಕೊನೇ ಕಾಳಗದಲ್ಲೂ ಅವನು ಬಳಸೋದು ಎದುರಾಳಿಯ ಆಯುಧ ಕಸಿಯುವ ಮಂತ್ರ ಮಾತ್ರ. ವೋಲ್ಡೆಮಾರ್ಟ್ ಸಾಯೋದು ತನ್ನದೇ ಮಂತ್ರ ತಿರುಗಿ ಬಡಿದು.

ಹೋದ ವರ್ಷ ನಮ್ಮಲ್ಲೊಬ್ಬರ ಅಜ್ಜ ತೀರಿಕೊಂಡರು. ಇನ್ನು ಆಸ್ಪತ್ರೆ ಬೇಡ, ಮನೆಗೆ ಕರಕೊಂಡು ಹೋಗಿ ಅಂತ ಅವರೇ ಹಠ ಹಿಡಿದಿದ್ದರು. ಅಜ್ಜ ಸೋತುಬಿಟ್ಟರು, ಇನ್ನೊಂದಿಷ್ಟು ಹೋರಾಡಬಹುದಿತ್ತು ಅಂತ ಮನೆಯಲ್ಲಿ ಕೆಲವರಿಗೆ ಇವತ್ತಿಗೂ ಸಿಟ್ಟಿದೆ. ಕಾಡಿನ ಅಧ್ಯಾಯವನ್ನು ಮತ್ತೆ ಓದಿದಾಗ ನಮ್ಮ ಜಗಳದ ಸ್ವರ ಬದಲಾಯಿತು. ದಂಡ ಎತ್ತದೆ ಇರೋದು ಸೋಲೇ ಆಗಬೇಕಿಲ್ಲ. ನಮ್ಮ ಕಡೆಯ ಜನ ಹೋರಾಡಿ ಸತ್ತವರಿಗೊಂದು ಕಲ್ಲು, ಒಪ್ಪಿಕೊಂಡು ಹೊರಟವರಿಗೊಂದು ಕಲ್ಲು ಅಂತ ನಿಲ್ಲಿಸಿದ್ದಾರೆ. ಎರಡಕ್ಕೂ ಮರ್ಯಾದೆ ಕೊಟ್ಟಿದ್ದಾರೆ.

ಸರಣಿ ಮುಗೀತು, ಇನ್ನೇನು ಓದೋದು ಅನ್ನುವವರಿಗೆ ಒಂದು ಸಲಹೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರದ, 8ನೇ ಸಂಪುಟದಲ್ಲಿ ಸೊರಬದ ಶಾಸನಗಳು ಅಚ್ಚಾಗಿವೆ. ಸಂಪುಟ ಸಿಗದಿದ್ದರೆ ರಜೆಯಲ್ಲಿ ನಮ್ಮೂರ ಕಡೆ ಬನ್ನಿ. ಯಾವ ಕೆರೆ ಏರಿಯ ಮೇಲೆ ಕಲ್ಲು ಕಂಡರೂ ನಿಂತು, ಕೆಳಗಿನ ಹಂತದಿಂದ ಶುರು ಮಾಡಿ.