ಫೋಮ್ ಹಾಸಿಗೆಗೊಂದು ನಾಟಿ ಮಂಚ

ಪಾವಗಡದ ಹಳ್ಳಿಗೂ ಈಗ ಹಾಸಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಗಾಳಿ ಹೀರಿ ಸುರುಳಿ ಸುತ್ತಿದ ಫೋಮ್, ಪ್ಲಾಸ್ಟಿಕ್ ಹೊದಿಕೆ ಕತ್ತರಿಸಿದ ಕೂಡಲೇ ಉಬ್ಬಿ ಆರು ಇಂಚು ದಪ್ಪವಾಗಿ ಕೂರುತ್ತದೆ. ತೊಡಕು ಶುರುವಾಗುವುದು ಆಮೇಲೆ. ಮನೆಯಲ್ಲಿರುವುದು ಹಗ್ಗದ ಮಂಚ, ಇಲ್ಲವೇ ನವಾರು ಮಂಚ. ಅಂಗಡಿಯಲ್ಲಿರುವುದು ನಾಲ್ಕೂ ಕಡೆ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ ಮಂಚ. ಫೋಮಿಗೆ ಇವೆರಡೂ ಒಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ತೀರ ಸಾದಾ ಮರದ ಚೌಕಟ್ಟು, ಅದರ ಮೇಲೆ ಸಂದು ಬಿಟ್ಟು ಜೋಡಿಸಿದ ಅಡ್ಡಪಟ್ಟಿಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಇದಕ್ಕೆ ತಕ್ಕ ಮರವೂ ಇದೆ, ಸಾಮಿಲ್ಲೂ ಇದೆ, ಆಚಾರ್ರೂ ಇದ್ದಾರೆ. ಅಳತೆ ಗೊತ್ತಿದ್ದರೆ ಕೈಯಳವಿರುವ ಯಾರಾದರೂ ಸ್ವಂತಕ್ಕೆ ಮಾಡಿಕೊಳ್ಳಬಹುದು.

ಹಗ್ಗದ ಮಂಚವನ್ನು ಹೀಗಳೆಯುವ ಮಾತಲ್ಲ ಇದು. ಬಯಲುಸೀಮೆಯ ಈ ಮೂಲೆಗೆ ಅಷ್ಟು ಹೊಂದುವ ಸಾಮಾನು ಇನ್ನೊಂದಿರಲಿಲ್ಲ. ಬೇಲಿಯ ಕತ್ತಾಳೆ ಕೊಯ್ದು, ನೀರಲ್ಲಿ ಕೊಳೆಹಾಕಿ ತೆಗೆದ ನಾರಿನ ಹಗ್ಗ. ಹೊಲದ ಬದುವಿನ ಬೇವಿನ ಕಾಲು. ಬೇಸಿಗೆ ರಾತ್ರಿ ಒಬ್ಬನೇ ಎತ್ತಿ ಮಾಳಿಗೆ ಮೇಲೆ ಹಾಕಿಕೊಂಡು ಕಂಬಳಿ ಹಾಸಿದರೆ ಮುಗಿಯಿತು. ಜೋತು ಬಿದ್ದರೆ ಕಾಲ್ದೆಸೆಯ ಹಗ್ಗ ಎಳೆದು ಬಿಗಿದರಾಯಿತು. ಆದರೆ ಅದು ಮೈಗೆ ತಕ್ಕಂತೆ ಬಗ್ಗಲೆಂದೇ ಹೆಣೆದದ್ದು. ಬಗ್ಗುವ ಕೆಲಸ ಫೋಮಿನದೂ ಹೌದು. ಬಗ್ಗುವುದರ ಮೇಲೆ ಬಗ್ಗುವುದನ್ನು ಹಾಸಿದರೆ ನಡು ತಗ್ಗುತ್ತದೆ, ಬೆಳಿಗ್ಗೆ ಸೊಂಟ ಹಿಡಿಯುತ್ತದೆ, ಬೈಗುಳ ಹಾಸಿಗೆಯವನಿಗೆ ಬೀಳುತ್ತದೆ.

ಹತ್ತಿ ಹಾಸಿಗೆಯ ಆರೈಕೆ ಬೇರೆಯೇ ಇತ್ತು. ಬಿಲ್ಲು ಹೊತ್ತು ಬರುತ್ತಿದ್ದ ಪಿಂಜಾರರು ಗಂಟುಕಟ್ಟಿದ ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ ಮತ್ತೆ ತುಂಬಿಕೊಡುತ್ತಿದ್ದರು. ಮನೆಯವರು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುತ್ತಿದ್ದರು. ತೇವ, ತಿಗಣೆ, ವಾಸನೆ ಎಲ್ಲಕ್ಕೂ ಬಿಸಿಲೇ ಮದ್ದು. ಅದಾದ ಮೇಲೆ ನಮ್ಮ ರಾಜ್ಯದ್ದೇ ಒಂದು ಘಟ್ಟ ಬಂತು. 1962ರಲ್ಲಿ ಮಣಿಪಾಲದ ಪೈ ಮನೆತನದವರು ಕಟ್ಟಿದ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ಕಂಪನಿ ತೆಂಗಿನ ನಾರಿಗೆ ರಬ್ಬರ್ ಹಾಲು ಬೆರೆಸಿ ಹಾಸಿಗೆ ಮಾಡಿತು. ಕರ್ಲಾನ್ ಎಂದು ಮನೆಮಾತಾದದ್ದು ಅದೇ. ನಾರಿನ ಹಾಸಿಗೆ ತಾನೇ ಗಟ್ಟಿ, ಕೆಳಗೆ ಅಷ್ಟಿಷ್ಟು ಏರುಪೇರಿದ್ದರೂ ನಡೆಯುತ್ತಿತ್ತು. 2023ರಲ್ಲಿ ಆ ಕಂಪನಿಯನ್ನು ಶೀಲಾ ಫೋಮ್ ಕೊಂಡುಕೊಂಡಿತು.

ಫೋಮ್ ಎಂದರೆ ಪಾಲಿಯುರೆಥೇನ್, 1937ರಲ್ಲಿ ಜರ್ಮನಿಯಲ್ಲಿ ಒಟ್ಟೊ ಬೇಯರ್ ಮತ್ತು ಅವರ ಜೊತೆಗಾರರು ಕಂಡುಕೊಂಡ ವಸ್ತು. ಬಿಸಿಲಿಗೆ ಹಾಕಿದರೆ ಹಳದಿಯಾಗುತ್ತದೆ, ಬರುಬರುತ್ತಾ ಪುಡಿಯಾಗುತ್ತದೆ. ಬಡಿಯುವಂತಿಲ್ಲ, ಒಗೆಯುವಂತಿಲ್ಲ. ರಾತ್ರಿಯಿಡೀ ಬೆವರಿನಲ್ಲಿ, ಉಸಿರಿನಲ್ಲಿ ಮೈಯಿಂದ ಒಂದು ಲೋಟದಷ್ಟು ನೀರು ಹೊರಹೋಗುತ್ತದೆ. ಅದರ ಒಂದು ಪಾಲು ಹಾಸಿಗೆಗೆ ಇಳಿಯುತ್ತದೆ. ಮೇಲಿನಿಂದ ಬಿಸಿಲು ತೋರಿಸಲಾಗದ ಹಾಸಿಗೆಗೆ ಕೆಳಗಿನಿಂದ ಗಾಳಿ ಕೊಡಬೇಕು. ಮಂಚದ ಇಡೀ ಲೆಕ್ಕ ಇಷ್ಟರ ಮೇಲೆ ನಿಂತಿದೆ. ಮಲೆನಾಡಿನಲ್ಲಾದರೆ ಗಾಳಿಯಾಡದ ಪ್ಲೈವುಡ್ಡಿನ ಮೇಲೆ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಪಾವಗಡದಲ್ಲಿ ಬೂಷ್ಟಿನ ಕಾಟ ಕಡಿಮೆ, ಸೆಕೆಯದೇ ಕಾಟ. ಫೋಮ್ ಮೈಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲು 40 ಡಿಗ್ರಿಯ ಹತ್ತಿರ ಸುಳಿಯುವ ಏಪ್ರಿಲ್‌ನಲ್ಲಿ ಮುಚ್ಚಿದ ಪೆಟ್ಟಿಗೆಯ ಮೇಲೆ ಮಲಗಿದವರಿಗೆ ಅದರ ಅನುಭವ ಇದ್ದೇ ಇರುತ್ತದೆ.

ಇನ್ನು ಮರ. ಇಲ್ಲಿ ಮೊದಲ ಮಾತು ಬೇವಿನದು. ಚೇಗು ಬಲಿತ ಬೇವಿಗೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ, ತೂಕ ಹದವಾಗಿದೆ, ಬದುವಿನಲ್ಲೇ ಬೆಳೆಯುತ್ತದೆ. ಗಂಟು ಹೆಚ್ಚು, ನೆಟ್ಟಗಿನ ಉದ್ದದ ತುಂಡು ಸಿಗುವುದು ಕಷ್ಟ. ಆದರೆ ಅಡ್ಡಪಟ್ಟಿಗೆ ಬೇಕಾದದ್ದು ಐದು ಅಡಿ ಮಾತ್ರ. ಕೊರಟಗೆರೆ ಕಡೆಯ ತೋಟಗಳಲ್ಲಿ ಹಲಸು ಸಿಕ್ಕರೆ ಬಿಡಬಾರದು. ಹಳದಿ ಬಣ್ಣದ ಆ ಮರ ವರ್ಷ ಕಳೆದಂತೆ ಕೆಂಪಗೆ ತಿರುಗುತ್ತದೆ, ಹುಳುವಿಗೆ ಜಗ್ಗುವುದಿಲ್ಲ. ತೇಗ ಒಳ್ಳೆಯದೇ. ಆದರೆ ಹಾಸಿಗೆಯ ಅಡಿ ಯಾರಿಗೂ ಕಾಣದೆ ಕೂರುವ ಪಟ್ಟಿಗೆ ತೇಗ ಹಾಕುವುದು ನನ್ನ ಮಟ್ಟಿಗೆ ದುಂದು. ಮಾವು, ಸಿಲ್ವರ್ ಓಕ್ ಅಗ್ಗ. ಔಷಧಿ ಕುಡಿಸದಿದ್ದರೆ ಕುಟ್ಟೆ ಹಿಡಿದು ರಾತ್ರಿಯೆಲ್ಲ ಹಿಟ್ಟು ಉದುರುತ್ತದೆ. ಹುಣಸೆ ಶಿರಾ ಸೀಮೆಯಲ್ಲಿ ಬೇಕಾದಷ್ಟಿದೆ, ಆದರೆ ಅದು ಕೊಡತಿಗೆ, ಮಾಂಸ ಕಡಿಯುವ ಕೊರಡಿಗೆ ಲಾಯಕ್ಕಾದ ಮರ. ತೂಕ ವಿಪರೀತ, ಉಳಿಯ ಬಾಯಿ ಮುರಿಯುತ್ತದೆ. ಅದರ ಮೇಲೆ ದೆವ್ವದ ಕಥೆ ಬೇರೆ. ಅದೇ ಸೀಮೆಯ ಕಗ್ಗಲಡು ಊರಿನ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಂಥ ಮರಗಳು ಹಾಗೇ ನಿಂತಿರುವುದು ವಾಸಿ.

ಸ್ವಂತ ಹೊಲದ ಬೇವಾದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಮರಗಳಿಗಷ್ಟೇ ವಿನಾಯಿತಿ ಕೊಟ್ಟಿದೆ. ಸಾಮಿಲ್ಲಿನಲ್ಲಿ ಸೀಳಿದ ಮರ ಕೊಳ್ಳುವವರು ರಸೀದಿ ಇಟ್ಟುಕೊಂಡರೆ ಸಾಕು.

ಅಮಾವಾಸ್ಯೆ ಹತ್ತಿರ ಕಡಿದ ಮರಕ್ಕೆ ಹುಳು ಬೀಳುವುದಿಲ್ಲ ಎಂಬ ನಂಬಿಕೆ ಬಡಗಿಗಳಲ್ಲಿದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಒಣಗಿಸುವ ತಾಳ್ಮೆ. ಮರ ಒಣಗುವಾಗ ಅಗಲಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮಲೆನಾಡಿನ ತೇವದಲ್ಲಿ ಸೀಳಿ ತಂದ ಹಲಗೆ ನಮ್ಮ ಒಣಹವೆಗೆ ಬಂದರೆ ಕೀಲೆಲ್ಲ ಸಡಿಲು. ಒಂದು ಇಂಚು ದಪ್ಪದ ಪಟ್ಟಿಗಳನ್ನು ನಡುನಡುವೆ ಚಕ್ಕೆ ಇಟ್ಟು ಒಟ್ಟಿ, ನೆರಳಿನಲ್ಲಿ ಮೂರು ನಾಲ್ಕು ತಿಂಗಳು ಬಿಡಬೇಕು. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಆದರೆ ಸೊಟ್ಟಗಾಗುತ್ತದೆ, ತುದಿ ಬಿರಿಯುತ್ತದೆ.

ಕಡಿಮೆ ಖರ್ಚಿನ ಇನ್ನೊಂದು ದಾರಿ ಸರಕು ಹೊತ್ತು ಬರುವ ಪ್ಯಾಲೆಟ್‌ಗಳದು. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರಪಾರ್ಕ್ ಎದ್ದು ನಿಂತಿದೆ. ಸೌರಫಲಕಗಳು ದೂರದಿಂದ ಬರುವುದೇ ಇಂಥ ಮರದ ಪ್ಯಾಲೆಟ್‌ಗಳ ಮೇಲೆ. ಶಿರಾ ರಸ್ತೆಯ ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶದ ಸರಕೂ ಹಾಗೆಯೇ ಓಡಾಡುತ್ತದೆ. ಗುಜರಿಯಲ್ಲಿ ಪ್ಯಾಲೆಟ್ ಸಿಕ್ಕರೆ ಮೊದಲು ಮುದ್ರೆ ನೋಡಿ. ಹೊರದೇಶದಿಂದ ಬಂದದ್ದರ ಮೇಲೆ ತೆನೆಯ ಗುರುತಿನ ಪಕ್ಕ ‘ಎಚ್‌ಟಿ’ ಎಂದಿದ್ದರೆ, ಮರದ ಒಳತಿರುಳು 56 ಡಿಗ್ರಿಗೆ ಅರ್ಧ ಗಂಟೆ ಕಾದಿದೆ ಎಂದರ್ಥ, ಧಾರಾಳವಾಗಿ ಬಳಸಬಹುದು. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು. ಮಲಗುವ ಕೋಣೆಗೆ ಅದು ಬೇಡ.

ಅಳತೆಗೆ ಬರೋಣ. ಇಬ್ಬರಿಗೆ ಸಾಮಾನ್ಯವಾಗಿ ಕೊಳ್ಳುವ ಹಾಸಿಗೆ 78 ಇಂಚು ಉದ್ದ, 60 ಇಂಚು ಅಗಲ. ಪೆಟ್ಟಿಗೆ ಮೇಲೆ ಬರೆದದ್ದನ್ನು ನಂಬದೆ, ಹಾಸಿಗೆ ಬಿಚ್ಚಿ ಒಂದೆರಡು ದಿನ ಉಬ್ಬಲು ಬಿಟ್ಟು ಟೇಪು ಹಿಡಿಯಿರಿ. ಚೌಕಟ್ಟಿನ ಒಳಅಳತೆ ಅದಕ್ಕಿಂತ ಅರ್ಧ ಇಂಚು ಜಾಸ್ತಿ ಇರಲಿ, ಇಲ್ಲದಿದ್ದರೆ ಹೊದಿಕೆ ಸಿಕ್ಕಿಸಲು ಬೆರಳು ಹೋಗದು. ಸುತ್ತಿನ ಪಟ್ಟಿಗಳು ಐದು ಇಂಚು ಅಗಲ, ಒಂದೂವರೆ ಇಂಚು ದಪ್ಪ. ಕಾಲು ಮೂರು ಇಂಚಿನ ಚೌಕ, ಒಂದು ಅಡಿ ಎತ್ತರ. ಉದ್ದಪಟ್ಟಿಗಳ ಒಳಮೈಗೆ ಒಂದೂವರೆ ಇಂಚಿನ ರೀಪರ್ ಹೊಡೆದು, ಅದರ ಮೇಲೆ ಮೂರು ಇಂಚು ಅಗಲ, ಒಂದು ಇಂಚು ದಪ್ಪದ ಅಡ್ಡಪಟ್ಟಿಗಳನ್ನು ಕೂರಿಸುವುದು. ಹದಿನಾಲ್ಕು ಪಟ್ಟಿ ಹಾಕಿದರೆ ನಡುವಿನ ಸಂದು ಸುಮಾರು ಎರಡೂವರೆ ಇಂಚು ಬರುತ್ತದೆ. ಸಂದು ಮೂರು ಇಂಚು ದಾಟಬಾರದು. ದಾಟಿದರೆ ಫೋಮ್ ಸಂದಿಗೆ ಇಳಿದು ಗೀರುಗೀರಾಗಿ ಅಚ್ಚು ಬೀಳುತ್ತದೆ.

ಮನೆಯಲ್ಲಿ ಮಂಚ ಮಾಡಿಕೊಂಡವರು ಸಾಮಾನ್ಯವಾಗಿ ಎಡವುವುದು ನಡುತೊಲೆಯಲ್ಲಿ. ಐದು ಅಡಿ ಅಗಲಕ್ಕೆ ಒಂದು ಇಂಚಿನ ಪಟ್ಟಿ ತಾನೇ ನಿಲ್ಲದು, ಇಬ್ಬರ ಭಾರಕ್ಕೆ ಬಳುಕುತ್ತದೆ. ತಲೆದೆಸೆಯಿಂದ ಕಾಲ್ದೆಸೆಗೆ ನಾಲ್ಕು ಇಂಚು ಎತ್ತರ, ಎರಡು ಇಂಚು ದಪ್ಪದ ತೊಲೆ ಹಾಯಿಸಿ, ಅದಕ್ಕೆ ಎರಡು ಗಿಡ್ಡ ಕಾಲು ಕೊಡಲೇಬೇಕು. ತೊಲೆಯ ಮೇಲ್ಮೈಯೂ ಎರಡು ಬದಿಯ ರೀಪರ್‌ಗಳ ಮೇಲ್ಮೈಯೂ ದಾರ ಹಿಡಿದರೆ ಒಂದೇ ಮಟ್ಟಕ್ಕಿರಬೇಕು. ಎಲ್ಲ ಸೇರಿ ಮೂರೂವರೆ ಘನ ಅಡಿ ಮರ. ಕೀಸುವಾಗ, ತುದಿ ಕತ್ತರಿಸುವಾಗ ಹೋಗುವುದನ್ನು ಹಿಡಿದರೆ ನಾಲ್ಕೂಕಾಲು ಘನ ಅಡಿ ಬೇಕು. ಸಾಮಿಲ್ಲಿನಲ್ಲಿ ಇಷ್ಟು ಹೇಳಿದರೆ ಸಾಕು, ಮಿಕ್ಕ ಲೆಕ್ಕ ಅವರೇ ಹಾಕುತ್ತಾರೆ. ಪಟ್ಟಿಗಳ ಮೇಲ್ಮೈ ನೆಲದಿಂದ ಹನ್ನೊಂದು ಇಂಚಿಗೆ ಬಂದು, ಹಾಸಿಗೆಯ ಆರು ಇಂಚು ಸೇರಿದರೆ ಹದಿನೇಳು. ಮಂಡಿ ನೋವಿನ ಹಿರಿಯರಿದ್ದರೆ ಕಾಲನ್ನು ಇನ್ನೆರಡು ಇಂಚು ಏರಿಸಿ. ಕೆಳಗೆ ಪೊರಕೆ ಆಡಲು ಜಾಗ ಉಳಿಯುತ್ತದೆ, ಧೂಳಿನ ಊರುಗಳಲ್ಲಿ ಅದು ಸಣ್ಣ ವಿಷಯವಲ್ಲ.

ಹಳೆಯ ಆಚಾರ್ರು ಕಾಲಿಗೆ ಚೌಕ ತೂತು ಕೊರೆದು, ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಒಳಗೆ ಕೂರಿಸಿ ಮರದ ಗೂಟ ಹೊಡೆಯುತ್ತಿದ್ದರು. ಮೊಳೆ ಮುಟ್ಟುತ್ತಿರಲಿಲ್ಲ. ಅದನ್ನು ಮಾಡಬಲ್ಲವರು ಮಾಡಲಿ, ನೋಡಲೂ ಚೆಂದ. ಮೊದಲ ಸಲ ಉಳಿ ಹಿಡಿಯುವವರಿಗೆ ಬೋಲ್ಟು ನಟ್ಟು ಕ್ಷೇಮ. ಮೂಲೆಗೆ ಎರಡರಂತೆ ಎಂಟು ಬೋಲ್ಟು ಬೇಕು. ಹಳೆಮನೆಯ ಕಿರಿದಾದ ಬಾಗಿಲಲ್ಲಿ ಬಿಚ್ಚಿ ಸಾಗಿಸಲೂ ಆಗುತ್ತದೆ. ಬಿಗಿಯುವ ಮುಂಚೆ ಮೂಲೆಮಟ್ಟ ಹಿಡಿಯಿರಿ. ಇನ್ನೂ ಖಾತರಿ ಬೇಕೆಂದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ದಾರ ಎಳೆದು ನೋಡಿ, ಎರಡೂ ಸಮ ಬಂದರೆ ಚೌಕ ಸರಿಯಿದೆ. ಅಡ್ಡಪಟ್ಟಿಗಳಿಗೆ ಅಂಟು ಹಾಕಬೇಡಿ, ತುದಿಗೊಂದು ಸ್ಕ್ರೂ ಸಾಕು. ಬೇವು ಗಟ್ಟಿಯಾದ್ದರಿಂದ ಮೊದಲು ಸಣ್ಣ ತೂತು ಕೊರೆಯದೆ ಸ್ಕ್ರೂ ತಿರುಗಿಸಿದರೆ ತುದಿ ಸೀಳುತ್ತದೆ.

ಉಪ್ಪು ಕಾಗದದಲ್ಲಿ ಅಂಚುಗಳನ್ನು ಗುಂಡಗೆ ಉಜ್ಜುವುದು ಅಂದಕ್ಕಲ್ಲ. ಚೂಪಾದ ಅಂಚು ಹಾಸಿಗೆಯ ತಳದ ಬಟ್ಟೆಯನ್ನು ತಿನ್ನುತ್ತದೆ. ಪಾಲಿಶ್ ಬೇಕಿಲ್ಲ. ಅಗಸೆ ಎಣ್ಣೆ ಎರಡು ಸಲ ಸವರಿ, ವಾಸನೆ ಹೋಗುವವರೆಗೆ ವಾರವಾದರೂ ಬಿಟ್ಟು ಆಮೇಲೆ ಹಾಸಿಗೆ ಹಾಕಿ. ಫೋಮ್ ಎಣ್ಣೆಯ ವಾಸನೆಯನ್ನು ಹೀರಿಕೊಂಡರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಶಿವರಾತ್ರಿ ಕಳೆದು ಹವೆ ಒಣಗಿದಾಗ ಮರ ಕುಗ್ಗಿ ಬೋಲ್ಟುಗಳು ಅರ್ಧ ಸುತ್ತು ಸಡಿಲಾಗುತ್ತವೆ. ಹೊಸ ಮಂಚ ಕಿರ್‍ರೆನ್ನಲು ಶುರುಮಾಡುವುದು ಆಗಲೇ. ಯುಗಾದಿಗೆ ಮನೆ ಸಾರಿಸಿ ತೊಳೆಯುವ ದಿನ ಹಾಸಿಗೆ ಎತ್ತಿದಾಗ ಸ್ಪಾನರ್ ಹಿಡಿದು ಎಂಟನ್ನೂ ಬಿಗಿಯಿರಿ, ಹಾಸಿಗೆಯ ತಲೆಕಡೆಯನ್ನು ಕಾಲಕಡೆಗೆ ತಿರುಗಿಸಿ ಹಾಕಿ.